ಕಚೇರಿ ಗಣಕಜಾಲದಲ್ಲಿ ಬ್ರಾಡ್‌ಕಾಸ್ಟ್ ನೆರೆ: ಕಾರಣ, ಪತ್ತೆ ಮತ್ತು ಪರಿಹಾರ

2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದ ಆಸುಪಾಸಿನಲ್ಲಿ ಕರಾವಳಿಯ ಅನೇಕ ವ್ಯಾಪಾರ ಕಚೇರಿಗಳು ತಮ್ಮ ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸಿಕೊಂಡವು. ಆಗ ಗೋಡೆಗುಂಟ ಎಳೆದ ತಂತಿ, ಮೂಲೆಯಲ್ಲಿ ಇರಿಸಿದ ಹಬ್ಬು, ಮೇಜಿನಡಿಯ ಚಿಕ್ಕ ಸ್ವಿಚ್ಚು ಇಂದಿಗೂ ಹಲವೆಡೆ ಕೆಲಸ ಮಾಡುತ್ತಿವೆ. ಆದರೆ ಅವುಗಳ ಮೇಲಿನ ಹೊರೆ ಮಾತ್ರ ಹಿಂದಿನಂತಿಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಿತು. 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಕಡ್ಡಾಯವಾಯಿತು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಸಂಸ್ಥೆಗಳು ಇ-ಇನ್‌ವಾಯ್ಸ್ ಮಾಡಬೇಕಾಯಿತು. ಹಿಂದೆ ಗಣಕಜಾಲ ಕೆಟ್ಟರೆ ಲೆಕ್ಕ ಬರೆಯುವುದು ಒಂದು ದಿನ ತಡವಾಗುತ್ತಿತ್ತು. ಈಗ ಅದು ಕೆಟ್ಟರೆ ತುಂಬಿದ ಲಾರಿಯೇ ಅಂಗಳದಲ್ಲಿ ನಿಲ್ಲುತ್ತದೆ.

ಹೀಗೆ ಗಣಕಜಾಲ ಕುಂಟುವುದಕ್ಕೂ ನಿಲ್ಲುವುದಕ್ಕೂ ಇರುವ ಮುಖ್ಯ ಕಾರಣಗಳಲ್ಲಿ ಒಂದು ಬ್ರಾಡ್‌ಕಾಸ್ಟ್ ಸಂದೇಶಗಳ ಅತಿರೇಕ. ಈ ದೋಷದ ಲಕ್ಷಣಗಳು ಹಳೆಯ ಯಂತ್ರದ ಲಕ್ಷಣಗಳಂತೆಯೇ ಕಾಣುವುದರಿಂದ ಮಾಲೀಕರು ಹೊಸ ಸರ್ವರಿಗೂ ಹೊಸ ಗಣಕಯಂತ್ರಗಳಿಗೂ ಹಣ ಸುರಿಯುವುದುಂಟು. ಆದರೂ ತೊಂದರೆ ಹಾಗೆಯೇ ಉಳಿಯುತ್ತದೆ. ಖರೀದಿಗೆ ಮುನ್ನ ಕ್ರಮಬದ್ಧವಾದ ಅರ್ಧ ದಿನದ ಪರೀಕ್ಷೆಯಿಂದ ದೋಷದ ಮೂಲವನ್ನು ತಿಳಿಯುವುದು ಸಾಧ್ಯವಿದೆ. ಅದಕ್ಕೆ ಬೆಲೆಬಾಳುವ ಉಪಕರಣ ಬೇಕಿಲ್ಲ.

ಒಂದು ಉದಾಹರಣೆ

ವಿಷಯವನ್ನು ಸ್ಪಷ್ಟಪಡಿಸಲು ಪಡುಬಿದ್ರಿ–ಕಾರ್ಕಳ ಹೆದ್ದಾರಿಯ ಬದಿಯಲ್ಲಿ, ಬೆಳ್ಮಣ್ ಪೇಟೆಯಲ್ಲಿರುವ ಗೇರುಬೀಜ ಉದ್ದಿಮೆಯ ಕಚೇರಿಯೊಂದನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿ 14 ಗಣಕಯಂತ್ರಗಳು, ಟ್ಯಾಲಿಯ ಲೆಕ್ಕಪತ್ರ ಇರುವ ಒಂದು ಸರ್ವರ್, ಎರಡು ಪ್ರಿಂಟರುಗಳು ಮತ್ತು ಕೆಲವು ಕಣ್ಗಾವಲು ಕ್ಯಾಮೆರಾಗಳಿವೆ. ವ್ಯವಸ್ಥಾಪಕರ ಕೋಣೆಯಲ್ಲಿ ಮುಖ್ಯ ಸ್ವಿಚ್ಚು, ಲೆಕ್ಕಪತ್ರ ವಿಭಾಗದಲ್ಲಿ 8 ಪೋರ್ಟುಗಳ ಚಿಕ್ಕ ಸ್ವಿಚ್ಚು, ಗೋದಾಮಿನಲ್ಲಿ ಒಂದು ಹಳೆಯ ಹಬ್ಬು ಇವೆ. ಲಾರಿ ತೂಗುವ ವೇಬ್ರಿಡ್ಜಿನ ಗಣಕಯಂತ್ರ ಆ ಹಬ್ಬಿಗೆ ಸೇರಿದೆ.

ಆಯುಧಪೂಜೆಗೆಂದು ಕಚೇರಿಯನ್ನು ತೊಳೆದು ಒರೆಸಲಾಯಿತು. ವಿಜಯದಶಮಿ ಮುಗಿದು ಮೊದಲ ಕೆಲಸದ ದಿನ ಬೆಳಿಗ್ಗೆ ಟ್ಯಾಲಿ ತೆರೆಯಲಿಲ್ಲ, ಅಂತರ್ಜಾಲವೂ ಸಿಗಲಿಲ್ಲ. ಗೇರುಬೀಜದ ತಿರುಳು ತುಂಬಿದ ಲಾರಿ ಪಣಂಬೂರಿನ ಬಂದರಿಗೆ ಹೊರಡಲು ಸಿದ್ಧವಾಗಿ ನಿಂತಿದೆ. ಸಿಬ್ಬಂದಿ ಮೊದಲು ಅಂತರ್ಜಾಲ ಸಂಸ್ಥೆಯನ್ನು ದೂರಿದರು, ಅನಂತರ ಟ್ಯಾಲಿಯನ್ನು ಸಂಶಯಿಸಿದರು. ಕೊನೆಗೆ ಸ್ವಿಚ್ಚನ್ನು ಆರಿಸಿ ಮತ್ತೆ ಹಚ್ಚಿದರು. ಕೆಲವು ಕ್ಷಣ ಎಲ್ಲವೂ ಸರಿಯಾದಂತೆ ಕಂಡು ಮತ್ತೆ ಅದೇ ಸ್ಥಿತಿ. ಸರ್ವರ್ ಹಳೆಯದಾಯಿತು, ಬದಲಾಯಿಸುವುದೇ ಒಳ್ಳೆಯದು ಎಂಬ ಸಲಹೆಯೂ ಬಂದಿತು. ಈ ಸಲಹೆಯನ್ನು ಒಪ್ಪಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವ ಮೊದಲು ಬ್ರಾಡ್‌ಕಾಸ್ಟ್ ಎಂದರೇನು ಎಂಬುದನ್ನು ತಿಳಿಯುವುದು ಅಗತ್ಯ.

ಬ್ರಾಡ್‌ಕಾಸ್ಟ್ ಎಂದರೇನು?

ಕಚೇರಿಗಳಲ್ಲಿ ಬಳಕೆಯಲ್ಲಿರುವ ಗಣಕಜಾಲದ ಪದ್ಧತಿಗೆ ಈಥರ್‌ನೆಟ್ ಎಂದು ಹೆಸರು. 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಅದಕ್ಕೆ ರೂಪ ಕೊಟ್ಟರು. ಇದರಲ್ಲಿ ಮಾಹಿತಿಯು ಪ್ಯಾಕೆಟ್ ಎಂಬ ಚಿಕ್ಕ ಕಟ್ಟುಗಳಾಗಿ ಸಾಗುತ್ತದೆ. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ತನ್ನದೇ ಆದ ವಿಳಾಸವಿದೆ. ಸಾಮಾನ್ಯ ಪ್ಯಾಕೆಟ್ಟಿನ ಮೇಲೆ ಒಂದೇ ಯಂತ್ರದ ವಿಳಾಸವಿರುತ್ತದೆ. ಬ್ರಾಡ್‌ಕಾಸ್ಟ್ ಪ್ಯಾಕೆಟ್ಟಿನ ಮೇಲಾದರೋ ಹನ್ನೆರಡು 'ಎಫ್' ಅಕ್ಷರಗಳ ವಿಶೇಷ ವಿಳಾಸವಿರುತ್ತದೆ. ಇದು ಎಲ್ಲರಿಗೂ ಸೇರಿದ್ದು ಎಂದು ಅದರ ಅರ್ಥ.

ಬಸ್ಸು ನಿಲ್ಲುವಲ್ಲಿ ಕಂಡಕ್ಟರನು "ಕಾರ್ಕಳ, ಕಾರ್ಕಳ" ಎಂದು ಕೂಗುವುದನ್ನು ಇದಕ್ಕೆ ಹೋಲಿಸಬಹುದು. ಕಾರ್ಕಳಕ್ಕೆ ಹೋಗುವವರು ನಾಲ್ವರೇ ಇದ್ದರೂ ಕೂಗು ಎಲ್ಲರ ಕಿವಿಗೂ ಬೀಳುತ್ತದೆ. ಪ್ರತಿಯೊಬ್ಬರೂ ಅದನ್ನು ಕೇಳಿ, ತನಗಲ್ಲವೆಂದು ನಿಶ್ಚಯಿಸಿ ಸುಮ್ಮನಾಗುತ್ತಾರೆ. ಯಾರು ಎಲ್ಲಿದ್ದಾರೆಂದು ತಿಳಿಯದ ಕಡೆ ಕೂಗುವುದೇ ದಾರಿ. ಆದರೆ ಇಡೀ ದಿನ ಬಿಡುವಿಲ್ಲದೆ ಕೂಗುತ್ತಿದ್ದರೆ ಅಲ್ಲಿ ನಿಂತವರು ಪರಸ್ಪರ ಮಾತನಾಡುವುದೇ ಅಸಾಧ್ಯವಾಗುತ್ತದೆ.

ಗಣಕಜಾಲಕ್ಕೂ ಇಂತಹ ಕೂಗು ಅನಿವಾರ್ಯ. ಒಂದು ಐಪಿ ವಿಳಾಸವು ಯಾವ ಕಾರ್ಡಿಗೆ ಸೇರಿದ್ದೆಂದು ತಿಳಿಯಲು 1982ರಲ್ಲಿ ರೂಪಿಸಿದ ಎಆರ್‌ಪಿ ಪದ್ಧತಿ ಬ್ರಾಡ್‌ಕಾಸ್ಟನ್ನೇ ಅವಲಂಬಿಸಿದೆ. ಬೆಳಿಗ್ಗೆ ಗಣಕಯಂತ್ರ ಹಚ್ಚಿದೊಡನೆ ತನಗೊಂದು ಐಪಿ ವಿಳಾಸ ಬೇಕೆಂದು ಅದು ಕೇಳುವುದೂ ಹೀಗೆಯೇ. ಹಳೆಯ ವಿಂಡೋಸ್ ಯಂತ್ರಗಳು ಹಂಚಿಕೊಂಡ ಕಡತಕೋಶವನ್ನು ಹುಡುಕುವಾಗ ಸರ್ವರಿನ ಹೆಸರನ್ನು ಎಲ್ಲರಿಗೂ ಕೂಗಿ ಕೇಳುತ್ತವೆ. ತಾವಿರುವುದನ್ನು ಸುಮಾರು 12 ನಿಮಿಷಕ್ಕೊಮ್ಮೆ ಸಾರುತ್ತವೆ. ಒಂದು ಕಾಲದಲ್ಲಿ ಬಹಳ ಬಳಕೆಯಲ್ಲಿದ್ದ ನೋವೆಲ್ ನೆಟ್‌ವೇರ್ ಸರ್ವರುಗಳು ತಮ್ಮ ಸೇವೆಗಳನ್ನು 60 ಸೆಕೆಂಡಿಗೊಮ್ಮೆ ಸಾರುತ್ತಿದ್ದವು. ಆದುದರಿಂದ ಬ್ರಾಡ್‌ಕಾಸ್ಟ್ ಇರುವುದು ದೋಷವಲ್ಲ, ಅತಿಯಾಗುವುದು ದೋಷ.

ಅತಿಯಾದಾಗ ಆಗುವ ಹಾನಿ ಎರಡು ಬಗೆಯದು. ಮೊದಲನೆಯದು, ತಂತಿಯ ಸಾಮರ್ಥ್ಯವೇ ಮುಗಿಯುವುದು. ಸೆಕೆಂಡಿಗೆ 100 ಮೆಗಾಬಿಟ್ ವೇಗದ ತಂತಿಯಲ್ಲಿ ಅತ್ಯಂತ ಚಿಕ್ಕ ಪ್ಯಾಕೆಟ್ಟುಗಳು ಸೆಕೆಂಡಿಗೆ ಹೆಚ್ಚೆಂದರೆ 1,48,809ರಷ್ಟು ಸಾಗಬಲ್ಲವು. 10 ಮೆಗಾಬಿಟ್ ವೇಗದ ಹಳೆಯ ತಂತಿಯಲ್ಲಿ 14,880 ಮಾತ್ರ. ಎರಡನೆಯದು, ಪ್ರತಿ ಬ್ರಾಡ್‌ಕಾಸ್ಟನ್ನೂ ಪ್ರತಿ ಗಣಕಯಂತ್ರದ ಪ್ರೊಸೆಸರ್ ತೆರೆದು ನೋಡಲೇಬೇಕಾಗುವುದು. ಸೆಕೆಂಡಿಗೆ ಸಾವಿರಾರು ಬಂದರೆ ಹಳೆಯ ಯಂತ್ರವು ತನ್ನ ಸ್ವಂತ ಕೆಲಸಕ್ಕೆ ಸಮಯವಿಲ್ಲದೆ ಸ್ತಬ್ಧವಾಗುತ್ತದೆ. ಯಂತ್ರವೇ ಹಳೆಯದಾಯಿತೆಂಬ ತಪ್ಪು ತೀರ್ಮಾನಕ್ಕೆ ಎಡೆಯಾಗುವುದು ಇಲ್ಲಿಯೇ.

ಹಬ್ಬು, ಸ್ವಿಚ್ಚು ಮತ್ತು ರೂಟರ್

ಹಬ್ಬು ತನಗೆ ಬಂದ ಪ್ರತಿಯೊಂದು ಸಂಕೇತವನ್ನೂ ಉಳಿದೆಲ್ಲ ತಂತಿಗಳಿಗೆ ಹರಿಬಿಡುತ್ತದೆ. ಸ್ವಿಚ್ಚು ಯಾವ ವಿಳಾಸ ಯಾವ ಪೋರ್ಟಿನಲ್ಲಿದೆ ಎಂಬುದನ್ನು ನೆನಪಿಟ್ಟುಕೊಂಡು ಪ್ಯಾಕೆಟ್ಟನ್ನು ಆ ಪೋರ್ಟಿಗಷ್ಟೇ ಕಳುಹಿಸುತ್ತದೆ. ಹೀಗಾಗಿ ಹಬ್ಬಿನ ಬದಲು ಸ್ವಿಚ್ಚು ಹಾಕಿದರೆ ಎಲ್ಲ ತೊಂದರೆಯೂ ಕಳೆಯಿತೆಂದು ನಂಬುವವರುಂಟು. ಅದು ಪೂರ್ಣ ಸತ್ಯವಲ್ಲ. ಬ್ರಾಡ್‌ಕಾಸ್ಟ್ ಪ್ಯಾಕೆಟ್ ಬಂದಾಗ ಸ್ವಿಚ್ಚೂ ಅದನ್ನು ಬಂದ ಪೋರ್ಟನ್ನು ಬಿಟ್ಟು ಉಳಿದೆಲ್ಲ ಪೋರ್ಟುಗಳಿಗೂ ಕಳುಹಿಸುತ್ತದೆ. ಬ್ರಾಡ್‌ಕಾಸ್ಟನ್ನು ತಡೆದು ನಿಲ್ಲಿಸುವುದು ರೂಟರ್ ಮಾತ್ರ. ಇಲ್ಲವೇ, ಒಂದೇ ಸ್ವಿಚ್ಚನ್ನು ಹಲವು ಪ್ರತ್ಯೇಕ ಜಾಲಗಳಾಗಿ ವಿಭಾಗಿಸುವ ವಿಎಲ್ಎಎನ್ ವ್ಯವಸ್ಥೆಯಿಂದ ಅದನ್ನು ಒಂದು ಭಾಗಕ್ಕೆ ಸೀಮಿತಗೊಳಿಸಬಹುದು.

ಇಲ್ಲಿ ಒಂದು ಅಳತೆಗೋಲನ್ನು ಗಮನಿಸುವುದು ಉಪಯುಕ್ತ. ಸಿಸ್ಕೋ ಸಂಸ್ಥೆಯ ಹಳೆಯ ಜಾಲವಿನ್ಯಾಸ ಮಾರ್ಗದರ್ಶಿಯು ರೂಟರಿನಿಂದ ವಿಭಾಗಿಸದ ಒಂದೇ ಜಾಲದಲ್ಲಿ ಐಪಿ ಪದ್ಧತಿಯಾದರೆ 500, ನೆಟ್‌ಬಯೋಸ್ ಪದ್ಧತಿಯಾದರೆ 200 ಯಂತ್ರಗಳವರೆಗೆ ಇರಬಹುದೆಂದು ಹೇಳಿತ್ತು. ಅಂದಿನ ಯಂತ್ರಗಳ ಶಕ್ತಿಗೆ ಹೇಳಿದ ಮಾತಿದು. ಹಾಗಿರುವಾಗ 15 ಅಥವಾ 30 ಯಂತ್ರಗಳ ಕಚೇರಿಯು ಕೇವಲ ಯಂತ್ರಗಳ ಸಂಖ್ಯೆಯಿಂದಾಗಿ ಬ್ರಾಡ್‌ಕಾಸ್ಟ್ ನೆರೆಗೆ ತುತ್ತಾಗುವುದಿಲ್ಲ. ಸಣ್ಣ ಕಚೇರಿಯಲ್ಲಿ ನೆರೆ ಬಂದಿದೆಯೆಂದರೆ ಎಲ್ಲಿಯೋ ಒಂದು ನಿರ್ದಿಷ್ಟ ದೋಷವಿದೆ ಎಂದೇ ಅರ್ಥ. ದೋಷವಿದ್ದ ಮೇಲೆ ಅದನ್ನು ಹುಡುಕಿ ತೆಗೆಯಬಹುದು.

ಅತಿಯಾಗಲು ಕಾರಣಗಳು

1. ತಂತಿಯ ಸುತ್ತು: ಎರಡು ಸ್ವಿಚ್ಚುಗಳ ನಡುವೆ ತಿಳಿಯದೆ ಎರಡು ತಂತಿಗಳನ್ನು ಜೋಡಿಸುವುದು, ಇಲ್ಲವೇ ಒಂದೇ ತಂತಿಯ ಎರಡೂ ತುದಿಗಳನ್ನು ಒಂದೇ ಸ್ವಿಚ್ಚಿಗೆ ಸಿಕ್ಕಿಸುವುದು. ಎರಡು ಪೋರ್ಟುಗಳಿರುವ ಐಪಿ ದೂರವಾಣಿಯ ಎರಡನ್ನೂ ಗೋಡೆಯ ಸಾಕೆಟ್ಟುಗಳಿಗೆ ಸೇರಿಸಿದರೂ ಇದೇ ಪರಿಣಾಮ. ಐಪಿ ಪ್ಯಾಕೆಟ್ಟಿಗೆ ಆಯುಷ್ಯದ ಮಿತಿಯಿದೆ. ಪ್ರತಿ ರೂಟರನ್ನು ದಾಟುವಾಗಲೂ ಅದು ಒಂದೊಂದಾಗಿ ಕಡಿಮೆಯಾಗುತ್ತದೆ. ಈಥರ್‌ನೆಟ್ಟಿನ ಕಟ್ಟಿಗೆ ಅಂತಹ ಮಿತಿಯೇ ಇಲ್ಲ. ಸುತ್ತಿನೊಳಗೆ ಹೊಕ್ಕ ಒಂದು ಬ್ರಾಡ್‌ಕಾಸ್ಟ್ ನಿಲ್ಲದೆ ತಿರುಗುತ್ತಲೇ ಇರುತ್ತದೆ. ಹೊಸದಾಗಿ ಬಂದದ್ದು ಹಳೆಯದಕ್ಕೆ ಸೇರುತ್ತದೆ, ಹೊರಹೋಗುವ ದಾರಿಯಿಲ್ಲ. ಅದೇ ವಿಳಾಸ ಒಮ್ಮೆ ಒಂದು ಪೋರ್ಟಿನಲ್ಲಿ, ಮತ್ತೊಮ್ಮೆ ಇನ್ನೊಂದು ಪೋರ್ಟಿನಲ್ಲಿ ಕಾಣುವುದರಿಂದ ಸ್ವಿಚ್ಚಿನ ನೆನಪೂ ಗೊಂದಲಕ್ಕೊಳಗಾಗಿ ಸಾಮಾನ್ಯ ಪ್ಯಾಕೆಟ್ಟುಗಳೂ ದಾರಿ ತಪ್ಪುತ್ತವೆ.

2. ಕೆಟ್ಟ ನೆಟ್‌ವರ್ಕ್ ಕಾರ್ಡ್: ಮಳೆಗಾಲಕ್ಕೆ ಮುನ್ನ ಮತ್ತು ಹಿಂಗಾರಿನಲ್ಲಿ ಬರುವ ಗುಡುಗು ಸಿಡಿಲು ಕರಾವಳಿಯ ಕಚೇರಿಗಳಿಗೆ ಹೊಸತಲ್ಲ. ಕಚೇರಿಯಿಂದ ಗೋದಾಮಿಗೆ ಹೊರಗಿನಿಂದ ಎಳೆದ ತಾಮ್ರದ ತಂತಿಯ ಮೂಲಕ ಬಂದ ವಿದ್ಯುದಾಘಾತದಿಂದ ಕೆಲವು ಕಾರ್ಡುಗಳು ಪೂರ್ತಿ ಸಾಯುತ್ತವೆ. ಕೆಲವು ಅರೆಜೀವವಾಗಿ ಅರ್ಥಹೀನ ಸಂಕೇತಗಳನ್ನು ಕಾರುತ್ತಲೇ ಇರುತ್ತವೆ. ಸ್ವಿಚ್ಚು ತಪ್ಪಾದ ಕಟ್ಟುಗಳನ್ನು ಸಾಮಾನ್ಯವಾಗಿ ಬಿಸಾಡುತ್ತದೆ. ಹಬ್ಬು ಅವನ್ನೂ ಎಲ್ಲೆಡೆ ಹರಡುತ್ತದೆ.

3. ವೈರಸ್ ಮತ್ತು ವರ್ಮ್: 2003ರ ಬ್ಲಾಸ್ಟರ್, 2017ರ ವನ್ನಾಕ್ರೈ ಮುಂತಾದವು ಜಾಲದಲ್ಲಿ ಬೇರೆ ಯಂತ್ರಗಳನ್ನು ಹುಡುಕಿ ಹರಡುವಂತಹವು. ಹುಡುಕುವಾಗ ಒಂದರ ಮೇಲೊಂದು ಐಪಿ ವಿಳಾಸವನ್ನು ವಿಚಾರಿಸುವುದರಿಂದ ಎಆರ್‌ಪಿ ಬ್ರಾಡ್‌ಕಾಸ್ಟುಗಳ ಸುರಿಮಳೆಯಾಗುತ್ತದೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲಿನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ಮೈಕ್ರೋಸಾಫ್ಟಿನ ಬೆಂಬಲ ನಿಂತಿತು. ಅಂತಹ ಯಂತ್ರಗಳು ವೇಬ್ರಿಡ್ಜಿನಲ್ಲಿಯೋ ಗೋದಾಮಿನಲ್ಲಿಯೋ ಉಳಿದಿದ್ದರೆ ಅವುಗಳ ಮೇಲೆ ಮೊದಲ ಸಂಶಯ ಇರಬೇಕು.

4. ಹಳೆಯ ಹೊಂದಾಣಿಕೆಗಳ ಉಳಿಕೆ: ಎಂದೋ ತೆಗೆದುಹಾಕಿದ ಸರ್ವರಿನ ಹೆಸರು ಇನ್ನೂ ಕೆಲವು ಯಂತ್ರಗಳಲ್ಲಿ ಡ್ರೈವ್ ಆಗಿ ಉಳಿದಿರುತ್ತದೆ, ಆ ಯಂತ್ರಗಳು ಇಲ್ಲದ ಸರ್ವರನ್ನು ಕೂಗಿ ಕರೆಯುತ್ತಲೇ ಇರುತ್ತವೆ. ಹಳೆಯ ಪ್ರಿಂಟರುಗಳಲ್ಲಿ ಈಗ ಯಾರೂ ಬಳಸದ ಐಪಿಎಕ್ಸ್, ಆಪಲ್‌ಟಾಕ್ ಮುಂತಾದ ಪದ್ಧತಿಗಳು ಚಾಲನೆಯಲ್ಲಿರುತ್ತವೆ. ಇವು ಒಂದೊಂದಾಗಿ ಅಲ್ಪವೇ ಆದರೂ ಕೂಡಿದಾಗ ಹೊರೆಯಾಗುತ್ತವೆ.

ಮೊದಲನೆಯ ಕಾರಣದಿಂದ ಜಾಲವು ಹಠಾತ್ತಾಗಿ ನಿಂತೇ ಹೋಗುತ್ತದೆ. ಉಳಿದ ಮೂರರಿಂದ ಸಾಮಾನ್ಯವಾಗಿ ಕುಂಟುತ್ತದೆ. ನಿಂತಿತೋ ಕುಂಟುತ್ತಿದೆಯೋ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳುವುದು ಪತ್ತೆಯ ಮೊದಲ ಮೆಟ್ಟಿಲು.

ಪತ್ತೆಹಚ್ಚುವ ಕ್ರಮ

ಮೊದಲನೆಯದಾಗಿ, ವ್ಯಾಪಾರ ನಿಲ್ಲದಂತೆ ನೋಡಿಕೊಳ್ಳಬೇಕು. ಒಂದು ಲ್ಯಾಪ್‌ಟಾಪನ್ನು ಕಚೇರಿ ಜಾಲದಿಂದ ಬೇರ್ಪಡಿಸಿ ಮೊಬೈಲ್ ದೂರವಾಣಿಯ ಅಂತರ್ಜಾಲಕ್ಕೆ ಸೇರಿಸಿದರೆ ಸರ್ಕಾರದ ಜಾಲತಾಣದಲ್ಲಿಯೇ ಇ-ಇನ್‌ವಾಯ್ಸನ್ನೂ ಇ-ವೇ ಬಿಲ್ಲನ್ನೂ ಸಿದ್ಧಪಡಿಸಿ ಲಾರಿಯನ್ನು ಕಳುಹಿಸಬಹುದು. ಲಾರಿ ಹೊರಟ ಮೇಲೆ ಪರೀಕ್ಷೆಗೆ ಸಮಾಧಾನದಿಂದ ತೊಡಗಬಹುದು.

ಎರಡನೆಯದಾಗಿ, ಎಲ್ಲ ಯಂತ್ರಗಳಲ್ಲಿ ಟ್ಯಾಲಿಯನ್ನು ಮುಚ್ಚಿ ಸರ್ವರಿನಲ್ಲಿ ಲೆಕ್ಕಪತ್ರದ ಪ್ರತಿಯೊಂದನ್ನು ತೆಗೆದಿರಿಸಬೇಕು. ಲೆಕ್ಕ ಬರೆಯುತ್ತಿರುವಾಗಲೇ ತಂತಿ ಕಿತ್ತರೆ ಕಡತಗಳು ಕೆಡುವ ಅಪಾಯವಿದೆ. ಈ ಎಚ್ಚರಿಕೆಯನ್ನು ಕಡೆಗಣಿಸಿದರೆ ಪರೀಕ್ಷೆಯೇ ಮೂಲ ದೋಷಕ್ಕಿಂತ ದೊಡ್ಡ ನಷ್ಟವನ್ನು ತರಬಹುದು.

ಮೂರನೆಯದಾಗಿ, ಸ್ವಿಚ್ಚಿನ ದೀಪಗಳನ್ನು ಗಮನಿಸಬೇಕು. ಆರೋಗ್ಯವಂತ ಜಾಲದಲ್ಲಿ ಒಂದೊಂದು ಪೋರ್ಟಿನ ದೀಪ ತನ್ನ ಪಾಡಿಗೆ ಆಗಾಗ ಮಿನುಗುತ್ತದೆ. ನೆರೆ ಬಂದಾಗ ಎಲ್ಲ ದೀಪಗಳೂ ಏಕಕಾಲದಲ್ಲಿ, ವಿರಾಮವಿಲ್ಲದೆ ಮಿನುಗುತ್ತವೆ. ಇದಾದ ಮೇಲೆ ನಿರ್ಣಾಯಕ ಪರೀಕ್ಷೆ: ಸ್ವಿಚ್ಚುಗಳನ್ನೂ ಹಬ್ಬನ್ನೂ ಮಾತ್ರ ಚಾಲೂ ಇರಿಸಿ, ಗಣಕಯಂತ್ರ, ಪ್ರಿಂಟರ್, ಕ್ಯಾಮೆರಾ, ರೂಟರ್ ಎಲ್ಲವನ್ನೂ ಆರಿಸಬೇಕು. ಮಾತನಾಡುವವರು ಒಬ್ಬರೂ ಇಲ್ಲದಿರುವಾಗಲೂ ಸ್ವಿಚ್ಚುಗಳ ನಡುವಣ ತಂತಿಯ ದೀಪಗಳು ಅದೇ ರಭಸದಿಂದ ಮಿನುಗುತ್ತಿದ್ದರೆ ಅಲ್ಲಿ ತಂತಿಯ ಸುತ್ತು ಇದೆ ಎಂದು ನಿಶ್ಚಯಿಸಬಹುದು. ದೀಪಗಳು ಶಾಂತವಾದರೆ ದೋಷವು ಆರಿಸಿದ ಯಾವುದೋ ಯಂತ್ರದಲ್ಲಿದೆ. ಈ ಪರೀಕ್ಷೆಯ ವೇಳೆ ಸ್ವಿಚ್ಚನ್ನು ಆರಿಸಬಾರದು. ಆರಿಸಿದರೆ ತಿರುಗುತ್ತಿರುವ ಪ್ಯಾಕೆಟ್ಟುಗಳು ಅಳಿದು ಸಾಕ್ಷ್ಯವೇ ಮಾಯವಾಗುತ್ತದೆ. ಉದಾಹರಣೆಯ ಕಚೇರಿಯಲ್ಲಿ ಸ್ವಿಚ್ಚನ್ನು ಆರಿಸಿ ಹಚ್ಚಿದಾಗ ಕೆಲವು ಕ್ಷಣ ಎಲ್ಲವೂ ಸರಿಯಾದಂತೆ ಕಂಡದ್ದು ಇದೇ ಕಾರಣದಿಂದ. ಸುತ್ತು ಬರಿದಾಗಿತ್ತು, ಮುಂದಿನ ಬ್ರಾಡ್‌ಕಾಸ್ಟುಗಳು ಬಂದೊಡನೆ ಮತ್ತೆ ತುಂಬಿತು.

ನಾಲ್ಕನೆಯದಾಗಿ, ಸುತ್ತು ಇದೆಯೆಂದು ತಿಳಿದರೆ ಮುಖ್ಯ ಸ್ವಿಚ್ಚಿನ ಎಲ್ಲ ತಂತಿಗಳಿಗೂ ಗುರುತು ಕಟ್ಟಿ ತೆಗೆಯಬೇಕು. ಎರಡು ಗಣಕಯಂತ್ರಗಳನ್ನು ಮಾತ್ರ ಸೇರಿಸಿ, ಒಂದರಿಂದ ಇನ್ನೊಂದಕ್ಕೆ ಪಿಂಗ್ ಆದೇಶವನ್ನು ನಿರಂತರವಾಗಿ ನಡೆಸಬೇಕು. ಉತ್ತರವು 1 ಮಿಲಿಸೆಕೆಂಡಿನ ಒಳಗೆ ಬರುವುದು ಸಹಜ ಸ್ಥಿತಿ. ಅನಂತರ ಉಳಿದ ತಂತಿಗಳನ್ನು ಒಂದೊಂದಾಗಿ ಸೇರಿಸುತ್ತ, ಪ್ರತಿ ಬಾರಿ ಒಂದೆರಡು ನಿಮಿಷ ಕಾಯಬೇಕು. ಯಾವ ತಂತಿ ಸೇರಿದೊಡನೆ ಉತ್ತರ ತಡವಾಗಿ, ದೀಪಗಳು ಒಟ್ಟಾಗಿ ಮಿನುಗತೊಡಗುವವೋ ಆ ತಂತಿಯೇ ಸುತ್ತನ್ನು ಪೂರ್ಣಗೊಳಿಸಿದ್ದು. ಆ ತಂತಿ ಕೆಟ್ಟಿದೆ ಎಂದು ಇದರ ಅರ್ಥವಲ್ಲ. ಅದರ ಇನ್ನೊಂದು ತುದಿಯವರೆಗೂ ಕೈಯಿಂದ ಹಿಡಿದು ಹೋಗಿ, ಎಲ್ಲಿ ಸೇರಿದೆ ಎಂಬುದನ್ನು ಕಣ್ಣಾರೆ ನೋಡಬೇಕು.

ಉದಾಹರಣೆಯ ಕಚೇರಿಯಲ್ಲಿ ಹೀಗೆ ತಂತಿಯನ್ನು ಹಿಂಬಾಲಿಸಿದಾಗ ಅದು ಲೆಕ್ಕಪತ್ರ ವಿಭಾಗದ ಮೇಜಿನಡಿಗೆ ಹೋಗುತ್ತದೆ. ಹಿಂದೆ ಅಲ್ಲೊಂದು ಗಣಕಯಂತ್ರ ನೇರವಾಗಿ ಮುಖ್ಯ ಸ್ವಿಚ್ಚಿಗೆ ಸೇರಿತ್ತು. ಯಂತ್ರವನ್ನು ಬೇರೆಡೆಗೆ ಒಯ್ದ ಮೇಲೆ ತಂತಿ ಉಳಿಯಿತು. ಆಯುಧಪೂಜೆಗೆ ಕೋಣೆ ತೊಳೆದವರು ನೆಲದಲ್ಲಿ ಬಿದ್ದಿದ್ದ ಆ ತುದಿಯನ್ನು ಕಂಡು, ಕಳಚಿಹೋಗಿರಬೇಕೆಂದು ಭಾವಿಸಿ, ಚಿಕ್ಕ ಸ್ವಿಚ್ಚಿನ ಖಾಲಿ ಪೋರ್ಟಿಗೆ ಸಿಕ್ಕಿಸಿದ್ದಾರೆ. ಸದುದ್ದೇಶದಿಂದಲೇ ಮಾಡಿದ ಕೆಲಸ. ಆದರೆ ಎರಡು ಸ್ವಿಚ್ಚುಗಳ ನಡುವೆ ಎರಡನೆಯ ದಾರಿ ತೆರೆದುಕೊಂಡು ಇಡೀ ಕಚೇರಿ ನಿಂತಿತು. ತಂತಿಯನ್ನು ಕಿತ್ತೊಡನೆ ಟ್ಯಾಲಿ ತೆರೆಯುತ್ತದೆ. ಹೊಸ ಸರ್ವರ್ ಕೊಂಡಿದ್ದರೆ ಅದೂ ಇದೇ ನೆರೆಯಲ್ಲಿ ಮುಳುಗುತ್ತಿತ್ತು.

ಐದನೆಯದಾಗಿ, ದೋಷ ಯಂತ್ರವೊಂದರಲ್ಲಿದೆ ಎಂದು ತಿಳಿದರೆ ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ 'ನೆಟ್‌ಸ್ಟ್ಯಾಟ್' ಆದೇಶವನ್ನು 'ಇ' ಆಯ್ಕೆಯೊಂದಿಗೆ ಬಳಸಬೇಕು. ಅದು ತೋರಿಸುವ ಪಟ್ಟಿಯಲ್ಲಿ 'ನಾನ್-ಯೂನಿಕಾಸ್ಟ್' ಎಂಬ ಸಾಲು ಇದೆ. ಒಂದೇ ಯಂತ್ರಕ್ಕೆ ಸೇರದ, ಅಂದರೆ ಎಲ್ಲರಿಗೂ ಅಥವಾ ಒಂದು ಗುಂಪಿಗೂ ಸೇರಿದ ಪ್ಯಾಕೆಟ್ಟುಗಳ ಎಣಿಕೆ ಅದು. ಒಂದು ಅಂಕಣ ಬಂದವುಗಳದ್ದು, ಇನ್ನೊಂದು ಕಳುಹಿಸಿದವುಗಳದ್ದು. ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಓದಿ ವ್ಯತ್ಯಾಸವನ್ನು ಕಂಡುಕೊಳ್ಳಬೇಕು. ಹತ್ತು ಹದಿನೈದು ಯಂತ್ರಗಳ ಕಚೇರಿಯಲ್ಲಿ ನಿಮಿಷಕ್ಕೆ ಕೆಲವು ನೂರು ಬಂದರೆ ಆತಂಕಕ್ಕೆ ಕಾರಣವಿಲ್ಲ. ಹತ್ತಾರು ಸಾವಿರ ಬಂದರೆ ದೋಷವಿದೆ. ಎಲ್ಲ ಯಂತ್ರಗಳಲ್ಲಿಯೂ 'ಬಂದದ್ದು' ಹೆಚ್ಚಾಗಿದ್ದು ಒಂದು ಯಂತ್ರದಲ್ಲಿ ಮಾತ್ರ 'ಕಳುಹಿಸಿದ್ದು' ಹೆಚ್ಚಾಗಿದ್ದರೆ ಕೂಗುತ್ತಿರುವವನು ಅದೇ. ಯಾವ ಯಂತ್ರದಲ್ಲಿಯೂ 'ಕಳುಹಿಸಿದ್ದು' ಹೆಚ್ಚಿಲ್ಲದಿದ್ದರೆ ಸುತ್ತನ್ನೋ, ಪ್ರಿಂಟರ್ ಅಥವಾ ಕ್ಯಾಮೆರಾದಂತಹ ಉಪಕರಣವನ್ನೋ ಸಂಶಯಿಸಬೇಕು.

ಉಪಕರಣಗಳ ವಿಷಯದಲ್ಲಿ ಅರ್ಧರ್ಧವಾಗಿ ಬೇರ್ಪಡಿಸುವ ಕ್ರಮ ಅನುಕೂಲಕರ. 16 ತಂತಿಗಳಲ್ಲಿ 8ನ್ನು ತೆಗೆದು ನೋಡುವುದು. ನೆರೆ ಇಳಿದರೆ ದೋಷ ತೆಗೆದ ಎಂಟರಲ್ಲಿದೆ, ಇಳಿಯದಿದ್ದರೆ ಉಳಿದ ಎಂಟರಲ್ಲಿದೆ. ಮುಂದೆ 4, 2, 1 ಹೀಗೆ ನಾಲ್ಕೇ ಪರೀಕ್ಷೆಗಳಲ್ಲಿ ಹದಿನಾರರಲ್ಲಿ ಒಂದನ್ನು ಹಿಡಿಯಬಹುದು. ಸುತ್ತಿನ ದೋಷಕ್ಕೆ ಮಾತ್ರ ಈ ಕ್ರಮ ಒಪ್ಪದು. ಅಲ್ಲಿ ಎರಡು ತಂತಿಗಳು ಜೊತೆಯಾಗಿ ಅಪರಾಧಿಗಳು. ಯಾವುದೊಂದನ್ನು ತೆಗೆದರೂ ನೆರೆ ಇಳಿಯುವುದರಿಂದ ತಪ್ಪು ತಂತಿಯನ್ನು ದೂರುವ ಸಂಭವವಿದೆ.

ಆರನೆಯದಾಗಿ, ಇನ್ನೂ ಸ್ಪಷ್ಟವಾಗಿ ತಿಳಿಯಬೇಕಾದರೆ ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶವಿದೆ; 2006ರವರೆಗೆ ಅದರ ಹೆಸರು ಈಥೀರಿಯಲ್ ಎಂದಿತ್ತು. ಬ್ರಾಡ್‌ಕಾಸ್ಟುಗಳು ಎಲ್ಲ ಪೋರ್ಟುಗಳಿಗೂ ಬರುವುದರಿಂದ ಯಾವ ಪೋರ್ಟಿನಲ್ಲಿ ಕುಳಿತು ನೋಡಿದರೂ ಕಾಣುತ್ತವೆ. ಒಂದೇ ಪ್ಯಾಕೆಟ್ ಅಕ್ಷರಶಃ ಸಾವಿರಾರು ಬಾರಿ ಮರುಕಳಿಸಿದರೆ ಸುತ್ತು. ಒಂದೇ ಯಂತ್ರವು ಐಪಿ ವಿಳಾಸಗಳನ್ನು ಅನುಕ್ರಮವಾಗಿ ವಿಚಾರಿಸುತ್ತಿದ್ದರೆ ವರ್ಮ್. ಇಲ್ಲದ ಸರ್ವರಿನ ಹೆಸರು ಪದೇ ಪದೇ ಕೇಳಿಬಂದರೆ ಹಳೆಯ ಡ್ರೈವ್ ಜೋಡಣೆ. ಕಳುಹಿಸಿದ ಕಾರ್ಡಿನ ವಿಳಾಸದ ಮೊದಲ ಆರು ಅಕ್ಷರಗಳಿಂದ ಅದರ ತಯಾರಕರು ಯಾರೆಂದು ತಿಳಿಯುತ್ತದೆ. ಅದು ಪ್ರಿಂಟರೋ ಕ್ಯಾಮೆರಾವೋ ಎಂದು ಊಹಿಸಲು ಇಷ್ಟು ಸಾಕು. ಇಂತಹ ತಂತ್ರಾಂಶದಲ್ಲಿ ಇತರರ ಖಾಸಗಿ ಮಾಹಿತಿಯೂ ಕಾಣಿಸಬಹುದಾದುದರಿಂದ ಮಾಲೀಕರ ಅನುಮತಿಯಿಂದಲೇ ಅದನ್ನು ಬಳಸತಕ್ಕದ್ದು.

ಬಾಸ್ಟನ್ನಿನ ಪಾಠ

ಈ ದೋಷ ಸಣ್ಣ ಕಚೇರಿಗಳಿಗೆ ಮಾತ್ರ ಸೀಮಿತವಲ್ಲ. 2002ರ ನವೆಂಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಎಂಬ ದೊಡ್ಡ ಆಸ್ಪತ್ರೆಯ ಗಣಕಜಾಲ ಸುಮಾರು ನಾಲ್ಕು ದಿನ ಕುಸಿದುಬಿತ್ತು. ವೈದ್ಯರೂ ದಾದಿಯರೂ ಕಾಗದದ ಚೀಟಿಗಳಿಗೆ ಮರಳಬೇಕಾಯಿತು. ಸ್ವಿಚ್ಚುಗಳ ನಡುವೆ ಸುತ್ತು ಉಂಟಾಗದಂತೆ ಹೆಚ್ಚುವರಿ ದಾರಿಗಳನ್ನು ತಾನಾಗಿ ಮುಚ್ಚುವ 'ಸ್ಪ್ಯಾನಿಂಗ್ ಟ್ರೀ' ಎಂಬ ಪದ್ಧತಿಯನ್ನು 1985ರಲ್ಲಿ ರೇಡಿಯಾ ಪರ್ಲ್‌ಮನ್ ರೂಪಿಸಿದ್ದರು. ಅದು 1990ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. ಆಸ್ಪತ್ರೆಯಲ್ಲಿ ಆ ಪದ್ಧತಿ ಇದ್ದಿತು. ಆದರೆ ವರ್ಷದಿಂದ ವರ್ಷಕ್ಕೆ ಒಂದಕ್ಕೊಂದು ಸೇರಿಸುತ್ತ ಬಂದ ಸ್ವಿಚ್ಚುಗಳ ಸರಪಳಿಯು ಪದ್ಧತಿಯ ಮಿತಿಯನ್ನು ಮೀರಿ ಬೆಳೆದಿತ್ತು. ಆಸ್ಪತ್ರೆಯ ಗಣಕ ವಿಭಾಗದ ಮುಖ್ಯಸ್ಥ ಜಾನ್ ಹಲಾಮ್ಕಾ ಅವರು ನಡೆದುದನ್ನು ಮುಚ್ಚಿಡದೆ ಬಹಿರಂಗವಾಗಿ ವಿವರಿಸಿದುದರಿಂದ ಇತರ ಸಂಸ್ಥೆಗಳಿಗೂ ಅದು ಪಾಠವಾಯಿತು.

ಸಣ್ಣ ಉದ್ದಿಮೆಗೆ ಈ ಪಾಠ ಇನ್ನೂ ನೇರವಾಗಿ ಅನ್ವಯಿಸುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಚಿಕ್ಕ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಸ್ಪ್ಯಾನಿಂಗ್ ಟ್ರೀ ಇರುವುದೇ ಇಲ್ಲ. ಒಂದು ತಪ್ಪು ತಂತಿಯನ್ನು ತಡೆಯುವ ಕಾವಲು ಅಲ್ಲಿಲ್ಲ.

ಪರಿಹಾರ ಮತ್ತು ಮುನ್ನೆಚ್ಚರಿಕೆ

ದೋಷ ಸಿಕ್ಕ ಮೇಲೆ ಪರಿಹಾರ ಹೆಚ್ಚಾಗಿ ಸರಳವೇ. ಸುತ್ತಿನ ತಂತಿಯನ್ನು ತೆಗೆಯುವುದು, ಕೆಟ್ಟ ಕಾರ್ಡನ್ನು ಬದಲಾಯಿಸುವುದು, ಸೋಂಕು ತಗುಲಿದ ಯಂತ್ರವನ್ನು ಜಾಲದಿಂದ ಬೇರ್ಪಡಿಸಿ ಶುದ್ಧೀಕರಿಸುವುದು, ಬಳಕೆಯಲ್ಲಿಲ್ಲದ ಪದ್ಧತಿಗಳನ್ನೂ ಡ್ರೈವ್ ಜೋಡಣೆಗಳನ್ನೂ ಅಳಿಸುವುದು. ಮತ್ತೆ ಮರುಕಳಿಸದಂತೆ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ಪ್ರತಿ ತಂತಿಯ ಎರಡೂ ತುದಿಗಳಿಗೆ ಒಂದೇ ಸಂಖ್ಯೆಯ ಚೀಟಿ ಕಟ್ಟಬೇಕು. ಯಾವ ಸಂಖ್ಯೆ ಎಲ್ಲಿಂದ ಎಲ್ಲಿಗೆ ಎಂಬ ನಕ್ಷೆಯನ್ನು ಮುಖ್ಯ ಸ್ವಿಚ್ಚಿನ ಬಳಿ ಅಂಟಿಸಬೇಕು.

2. ಬಳಸದ ತಂತಿಯನ್ನು ಎರಡೂ ಕಡೆಯಿಂದ ತೆಗೆಯಬೇಕು. ಒಂದು ತುದಿಯನ್ನು ಮಾತ್ರ ಬಿಡಿಸಿ ನೆಲದಲ್ಲಿ ಬಿಡುವುದು ಅಪಾಯಕ್ಕೆ ಆಹ್ವಾನ.

3. ಹಬ್ಬುಗಳಿದ್ದರೆ ತೆಗೆದು ಸ್ವಿಚ್ಚು ಹಾಕಬೇಕು. ಕನಿಷ್ಠ ಮುಖ್ಯ ಸ್ವಿಚ್ಚಾದರೂ ಸ್ಪ್ಯಾನಿಂಗ್ ಟ್ರೀ, ಸುತ್ತು ಪತ್ತೆ ಮತ್ತು ಬ್ರಾಡ್‌ಕಾಸ್ಟ್ ಮಿತಿ ಇರುವ ಮ್ಯಾನೇಜ್ಡ್ ಬಗೆಯದಾಗಿರಲಿ. ಖರೀದಿಗೆ ಹಣ ವ್ಯಯಿಸುವುದಿದ್ದರೆ ಮೊದಲು ಇಲ್ಲಿ ವ್ಯಯಿಸುವುದು ಸೂಕ್ತ.

4. ಕ್ಯಾಮೆರಾಗಳನ್ನು ಲೆಕ್ಕಪತ್ರದ ಯಂತ್ರಗಳಿಂದ ವಿಎಲ್ಎಎನ್ ಮೂಲಕವೋ ಪ್ರತ್ಯೇಕ ಸ್ವಿಚ್ಚಿನ ಮೂಲಕವೋ ಬೇರ್ಪಡಿಸಬೇಕು.

5. ಕಚೇರಿ ಮತ್ತು ಗೋದಾಮು ಬೇರೆ ಬೇರೆ ಕಟ್ಟಡಗಳಲ್ಲಿದ್ದರೆ ನಡುವಣ ತಾಮ್ರದ ತಂತಿಯ ಬದಲು ಆಪ್ಟಿಕಲ್ ಫೈಬರ್ ಬಳಸಬೇಕು. ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯದುದರಿಂದ ಸಿಡಿಲಿನ ಆಘಾತ ಆ ದಾರಿಯಾಗಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ದಾಟುವುದಿಲ್ಲ. ತಾಮ್ರದ ಜಾಲತಂತಿಯ 100 ಮೀಟರಿನ ಮಿತಿಯೂ ಇಲ್ಲಿ ಅಡ್ಡಿಯಾಗದು.

6. ಜಾಲ ಆರೋಗ್ಯವಾಗಿರುವಾಗಲೇ ತಿಂಗಳಿಗೊಮ್ಮೆ 'ನೆಟ್‌ಸ್ಟ್ಯಾಟ್' ಎಣಿಕೆಯನ್ನು ಪುಸ್ತಕದಲ್ಲಿ ಬರೆದಿಡಬೇಕು. ಸಹಜ ಸ್ಥಿತಿಯ ಅಂಕಿ ತಿಳಿಯದಿದ್ದರೆ ಅಸಹಜವನ್ನು ಗುರುತಿಸುವುದು ಕಷ್ಟ.

7. ಹಬ್ಬಕ್ಕೆ ಕಚೇರಿ ತೊಳೆಯುವ ಮುನ್ನ ತಂತಿಗಳ ಜೋಡಣೆಯ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ನಕ್ಷೆ ತಿಳಿದ ಒಬ್ಬರ ಹೊರತು ಬೇರಾರೂ ತಂತಿ ಸಿಕ್ಕಿಸಬಾರದೆಂಬ ನಿಯಮವಿರಲಿ.

ಮಾಸಿಕ ರಿಟರ್ನ್ ಸಲ್ಲಿಸುವ ವ್ಯಾಪಾರಿಗೆ ಪ್ರತಿ ತಿಂಗಳ 20ನೆಯ ತಾರೀಖು ಕಾಯುವುದಿಲ್ಲ. ಬಂದರಿನಲ್ಲಿ ಹಡಗೂ ಕಾಯುವುದಿಲ್ಲ. ತಂತ್ರಜ್ಞರು ಉಡುಪಿಯಿಂದಲೋ ಮಂಗಳೂರಿನಿಂದಲೋ ಬರುವವರೆಗೆ ಕೈಕಟ್ಟಿ ಕುಳಿತುಕೊಳ್ಳಬೇಕಾದ ಅನಿವಾರ್ಯತೆ ಸಣ್ಣ ಉದ್ದಿಮೆಗೆ ಇರಬಾರದು. ದೀಪ ನೋಡುವುದು, ಎಣಿಕೆ ಓದುವುದು, ತಂತಿಯನ್ನು ತುದಿಯವರೆಗೆ ಹಿಂಬಾಲಿಸುವುದು, ಈ ಮೂರನ್ನು ಕಚೇರಿಯ ಒಬ್ಬ ಸಿಬ್ಬಂದಿಗೆ ಕಲಿಸಿಟ್ಟರೆ ತಂತ್ರಜ್ಞರನ್ನು ಕರೆಸಿದಾಗಲೂ ಅವರಿಗೆ ದೋಷವೆಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ಹೊಸ ಯಂತ್ರಕ್ಕೆ ಬೆಲೆಪಟ್ಟಿ ತರಿಸುವ ಮೊದಲು ಹಳೆಯ ತಂತಿಯ ಇನ್ನೊಂದು ತುದಿ ಎಲ್ಲಿದೆ ಎಂಬುದನ್ನು ಪರಿಶೀಲಿಸುವುದು ಉದ್ಯಮಿಗಳಿಗೆ ಹಿತಕರ.